ಲೋವೆಲ್ ಗಿರಣಿಯ ಹುಡುಗಿಯರಿಗೆ ಸಂಬಳ ಚೆನ್ನಾಗಿತ್ತು ಅಂತಾರೆ. ಹಾಗಾದರೆ ಮುಷ್ಕರ ಯಾಕೆ ಮಾಡಿದರು?

ಪ್ರಶ್ನೆಪೆಟ್ಟಿಗೆ:
ಅಮೆರಿಕದಲ್ಲಿ ಕಾರ್ಖಾನೆಗಳು ಶುರುವಾದ ಕಾಲದ ಬಗ್ಗೆ ಓದುತ್ತಿದ್ದೇನೆ. ಮ್ಯಾಸಚೂಸೆಟ್ಸ್ ರಾಜ್ಯದ ಲೋವೆಲ್ ಅನ್ನೋ ಊರಿನ ವಿಷಯ ಬಂದಾಗಲೆಲ್ಲ ಗೊಂದಲ. ಒಬ್ಬರು ಅದನ್ನು ಮಾದರಿ ಊರು ಅನ್ನುತ್ತಾರೆ. ಹಳ್ಳಿಯ ಹೆಣ್ಣುಮಕ್ಕಳು ಬಂದು ದುಡಿದರು, ಕೈಗೆ ನಗದು ಸಂಬಳ, ಇರೋಕೆ ಕಂಪನಿಯ ಮನೆ, ಸಂಜೆ ಪುಸ್ತಕ, ಉಪನ್ಯಾಸ. ಇನ್ನೊಬ್ಬರು ದಿನಕ್ಕೆ 12–13 ಗಂಟೆ ದುಡಿಸಿಕೊಂಡ ನರಕ ಅನ್ನುತ್ತಾರೆ. ಎರಡರಲ್ಲಿ ಯಾವುದು ಸರಿ? ಇನ್ನೊಂದು ಪ್ರಶ್ನೆ. ಆ ಹುಡುಗಿಯರು ಮಾಡಿದ ಮುಷ್ಕರಗಳೆಲ್ಲ ಸೋತವು ಅಂತ ಓದಿದೆ. ಸೋತ ಹೋರಾಟದ ಬಗ್ಗೆ ಇಷ್ಟೊಂದು ಬರೆಯೋದು ಯಾಕೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳಿ.

ಹಳೇಮಗ್ಗ:
ಎರಡೂ ಸರಿ. ಜಗಳ ಬರೋದೇ ಅಲ್ಲಿ.

ಸ್ವಲ್ಪ ಹಿಂದಿನಿಂದ ಶುರು ಮಾಡೋಣ. ಸ್ಯಾಮ್ಯುಯೆಲ್ ಸ್ಲೇಟರ್ ಅನ್ನೋ ಇಂಗ್ಲೆಂಡಿನವನು 1790ರಲ್ಲಿ ರೋಡ್ ಐಲೆಂಡ್‌ನ ಪಟಕೆಟ್‌ನಲ್ಲಿ ನೀರಿನ ಬಲದಿಂದ ಹತ್ತಿ ನೂಲುವ ಯಂತ್ರ ಓಡಿಸಿದ. ಅವನ ಗಿರಣಿಯಲ್ಲಿ ದುಡಿದವರು ಹೆಚ್ಚಾಗಿ ಮಕ್ಕಳು. ಆಮೇಲೆ ಇಡೀ ಕುಟುಂಬಗಳೇ ಬಂದವು. ಇಂಗ್ಲೆಂಡಿನ ಗಿರಣಿ ಊರುಗಳ ಕೊಳಕು, ಬಡತನ ಅಮೆರಿಕಕ್ಕೂ ಬರುತ್ತೆ ಅನ್ನೋ ಭಯ ಆಗಲೇ ಇತ್ತು.

ಬಾಸ್ಟನ್ನಿನ ವ್ಯಾಪಾರಿ ಫ್ರಾನ್ಸಿಸ್ ಕ್ಯಾಬಟ್ ಲೋವೆಲ್ 1810ರಿಂದ 1812ರವರೆಗೆ ಬ್ರಿಟನ್ನಿನಲ್ಲಿದ್ದ. ಅಲ್ಲಿನ ಯಂತ್ರಮಗ್ಗ ಹೇಗೆ ಓಡುತ್ತೆ ಅಂತ ಕಣ್ಣಲ್ಲೇ ಅಳೆದು, ತಲೆಯಲ್ಲಿ ಇಟ್ಟುಕೊಂಡು ಬಂದ. ಯಂತ್ರದ ನಕ್ಷೆ ಹೊರಗೆ ಒಯ್ಯೋದನ್ನು ಬ್ರಿಟನ್ ತಡೆದಿತ್ತು. ಪಾಲ್ ಮೂಡಿ ಅನ್ನೋ ಮೆಕ್ಯಾನಿಕ್ ಜೊತೆ ಸೇರಿ ವಾಲ್ಥಮ್ ಊರಲ್ಲಿ ಮಗ್ಗ ಕಟ್ಟಿದ. ಹತ್ತಿ ಒಳಗೆ ಹೋದರೆ ಬಟ್ಟೆಯಾಗಿ ಹೊರಗೆ ಬರಬೇಕು, ಎಲ್ಲ ಒಂದೇ ಕಟ್ಟಡದಲ್ಲಿ. ಇದು ಹೊಸದು. 1817ರಲ್ಲಿ ಅವನು ತೀರಿಕೊಂಡ. ಪಾಲುದಾರರು ಮೆರಿಮ್ಯಾಕ್ ನದಿಯ ಜಲಪಾತದ ಹತ್ತಿರ ಹೊಸ ಊರು ಕಟ್ಟಿ ಅವನ ಹೆಸರಿಟ್ಟರು. 1823ರ ಹೊತ್ತಿಗೆ ಅಲ್ಲಿ ಬಟ್ಟೆ ತಯಾರಾಗುತ್ತಿತ್ತು.

ಕೆಲಸಕ್ಕೆ ಯಾರು? ಗಂಡಸರು ಹೊಲದಲ್ಲಿದ್ದರು, ಇಲ್ಲವೇ ಪಶ್ಚಿಮಕ್ಕೆ ಹೋಗುತ್ತಿದ್ದರು. ನ್ಯೂ ಇಂಗ್ಲೆಂಡಿನ ರೈತರ ಮನೆಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿದ್ದರು. ಅಪ್ಪ ಅಮ್ಮ ಒಪ್ಪಬೇಕಲ್ಲ? ಅದಕ್ಕೇ ಬೋರ್ಡಿಂಗ್ ಮನೆಗಳು. ನೋಡಿಕೊಳ್ಳೋಕೆ ಒಬ್ಬ ಹಿರಿಯ ಹೆಂಗಸು, ಹೆಚ್ಚಾಗಿ ವಿಧವೆ. ರಾತ್ರಿ ಹತ್ತಕ್ಕೆ ಬಾಗಿಲು ಬಂದ್. ಭಾನುವಾರ ಚರ್ಚಿಗೆ ಹೋಗಲೇಬೇಕು. 1830ರ ದಶಕದಲ್ಲಿ ವಾರಕ್ಕೆ ಸುಮಾರು ಮೂರು ಡಾಲರ್ ಸಂಬಳ, ಅದರಲ್ಲಿ ಊಟ ವಸತಿಗೆ 1.25 ಡಾಲರ್ ಹೋಗುತ್ತಿತ್ತು. ಮನೆಗೆಲಸದಲ್ಲಾಗಲಿ ಹಳ್ಳಿ ಶಾಲೆಯಲ್ಲಾಗಲಿ ಹೆಂಗಸರಿಗೆ ಇಷ್ಟು ಸಿಗುತ್ತಿರಲಿಲ್ಲ. ಹಾಗಾಗಿ ಸಂಬಳ ಚೆನ್ನಾಗಿತ್ತು ಅನ್ನೋದು ಸುಳ್ಳಲ್ಲ. ವಾರಕ್ಕೆ ಸರಾಸರಿ 73 ಗಂಟೆ ದುಡಿತ ಅನ್ನೋದೂ ಸುಳ್ಳಲ್ಲ.

ದಾವಣಗೆರೆ ಹುಡುಗಿ:
ಹತ್ತು ಗಂಟೆಗೆ ಬಾಗಿಲು ಹಾಕೋದು ನೋಡಿದರೆ ನಮ್ಮ ಲೇಡೀಸ್ ಹಾಸ್ಟೆಲ್ ವಾರ್ಡನ್ನೇ ವಾಸಿ, ಹತ್ತು ನಿಮಿಷ ತಡವಾದರೂ ಬೈದು ಒಳಗೆ ಬಿಡ್ತಿದ್ದರು 😄 ಬೋರ್ಡಿಂಗ್ ಮನೆಯಲ್ಲಿ ಒಂದು ಕೋಣೆಗೆ ಎಷ್ಟು ಜನ?

ಹಳೇಮಗ್ಗ:
ನಾಲ್ಕರಿಂದ ಆರು, ಕೆಲವೊಮ್ಮೆ ಜಾಸ್ತಿ. ಒಂದು ಹಾಸಿಗೆಗೆ ಇಬ್ಬರು. ಒಟ್ಟಿಗೆ ಮಲಗಿ, ಒಟ್ಟಿಗೆ ಉಂಡು, ಒಂದೇ ಗಂಟೆಗೆ ಎದ್ದು ಹೋಗೋರು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಮೆರಿಮ್ಯಾಕ್ ದಂಡೆ:
ನಾನು ಇರೋದು ಲೋವೆಲ್‌ಗೆ ಹತ್ತಿರದಲ್ಲೇ. ಈ ಭಾಗದಲ್ಲಿ ಐಟಿ ಕೆಲಸದ ಕನ್ನಡದವರು ತುಂಬಾ ಇದ್ದೇವೆ. ಹಳೇ ಗಿರಣಿ ಕಟ್ಟಡಗಳಲ್ಲಿ ಈಗ ಅಪಾರ್ಟ್‌ಮೆಂಟು, ಆಫೀಸು. 1978ರಲ್ಲಿ ಊರಿನ ಗಿರಣಿ ಭಾಗವನ್ನು ರಾಷ್ಟ್ರೀಯ ಐತಿಹಾಸಿಕ ಉದ್ಯಾನ ಮಾಡಿದರು. ಅದರ ಬೂಟ್ ಮಿಲ್ಸ್ ಮ್ಯೂಸಿಯಂನಲ್ಲಿ ಮಗ್ಗಗಳನ್ನು ಓಡಿಸಿ ತೋರಿಸುತ್ತಾರೆ. ಒಳಗೆ ಹೋಗುವಾಗ ಕಿವಿಗೆ ಇಟ್ಟುಕೊಳ್ಳೋಕೆ ಸ್ಪಂಜಿನ ಬಿರಡೆ ಕೊಡುತ್ತಾರೆ. ಕೆಲವೇ ಮಗ್ಗ ಓಡಿದರೂ ನೆಲ ನಡುಗುತ್ತೆ, ಪಕ್ಕದವರ ಮಾತು ಕೇಳಲ್ಲ. ಅಲ್ಲಿರೋವು 20ನೇ ಶತಮಾನದ ಮಗ್ಗಗಳು, ಈ ಹುಡುಗಿಯರ ಕಾಲದವಲ್ಲ. ಆದರೂ ಒಂದು ಅಂದಾಜು ಸಿಗುತ್ತೆ.

ಗದ್ದಲ ಬಿಡಿ, ಗಾಳಿ ಇನ್ನೂ ಕೆಟ್ಟದ್ದು. ಒಣ ಗಾಳಿಗೆ ನೂಲು ಹರಿಯುತ್ತೆ ಅಂತ ಕಿಟಕಿ ಮುಚ್ಚಿಡುತ್ತಿದ್ದರು. ಹತ್ತಿಯ ಧೂಳು, ತೇವ, ಅದರ ಮೇಲೆ ದೀಪದ ಹೊಗೆ. 1845ರಲ್ಲಿ ಎಲಿಜಾ ಹೆಮಿಂಗ್‌ವೇ ಅನ್ನೋ ನೇಕಾರಳು ಮ್ಯಾಸಚೂಸೆಟ್ಸ್ ಶಾಸಕರ ಮುಂದೆ ಲೆಕ್ಕ ಕೊಟ್ಟಳು. ಅವಳು ಕೆಲಸ ಮಾಡುವ ಕೋಣೆಯಲ್ಲಿ ಸುಮಾರು 150 ಜನ. ಉರಿಯುವ ಸಣ್ಣ ದೀಪ 293, ದೊಡ್ಡ ದೀಪ 61. ಬೇಸಿಗೆಯಲ್ಲಿ ಬೆಳಗ್ಗೆ ಐದಕ್ಕೆ ಶುರು, ಸಂಜೆ ಏಳಕ್ಕೆ ಮುಗಿಯೋದು. ನಡುವೆ ತಿಂಡಿಗೆ ಅರ್ಧ ಗಂಟೆ, ಊಟಕ್ಕೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಬೋರ್ಡಿಂಗ್ ಮನೆಗೆ ಹೋಗಿ, ಉಂಡು, ವಾಪಸ್ ಬರಬೇಕು. ದೀಪ ಎಷ್ಟಿವೆ ಅಂತ ಎಣಿಸಿಟ್ಟುಕೊಂಡಿದ್ದಳು ನೋಡಿ, ಅದು ನನಗೆ ತುಂಬಾ ಹಿಡಿಸಿತು.

ಅರ್ಥಶಾಸ್ತ್ರದ ಮೇಷ್ಟ್ರು:
ಎಲ್ಲ ಒಪ್ಪುತ್ತೇನೆ. ಆದರೆ ಯಾರೂ ಅವರನ್ನು ಕಟ್ಟಿಹಾಕಿ ಕರೆತಂದಿರಲಿಲ್ಲ. ಹೊಲದ ಕೆಲಸ ಏನು ಎಂಟು ಗಂಟೆಗೆ ಮುಗಿಯುತ್ತಿತ್ತಾ? ಬಂದವರು ಕೆಲವು ವರ್ಷ ದುಡಿದು, ದುಡ್ಡು ಕೂಡಿಟ್ಟು, ವಾಪಸ್ ಹೋಗಿ ಮದುವೆಯಾದರು. ಕಂಪನಿಯ ಕಡೆಯಿಂದಲೂ ನೋಡಿ. ಹೊಸ ಗಿರಣಿಗಳು ಬಂದವು, ಬಟ್ಟೆಯ ಬೆಲೆ ಬಿತ್ತು, ಲಾಭ ಕರಗಿತು. ಆಗ ಕೂಲಿ ಇಳಿಸಿದರು. ಮಾಲೀಕರೆಲ್ಲ ರಾಕ್ಷಸರು ಅಂದುಬಿಟ್ಟರೆ ಅದು ಸುಮ್ನೆ ಕಥೆ ಆಗುತ್ತೆ, ಇತಿಹಾಸ ಅಲ್ಲ.

ಹಳೇಮಗ್ಗ:
ಮೇಷ್ಟ್ರೇ, ರಾಕ್ಷಸರು ಅಂತ ನಾನೂ ಹೇಳಲ್ಲ. ಆದರೆ "ಬೇಡವಾದರೆ ಬಿಟ್ಟು ಹೋಗಬಹುದಿತ್ತು" ಅನ್ನೋದು ಅರ್ಧ ಸತ್ಯ. ಸೇರಿದವರು ಒಂದು ವರ್ಷ ಇರಬೇಕು, ಬಿಡೋಕೆ ಎರಡು ವಾರ ಮೊದಲು ಹೇಳಬೇಕು. ಹಾಗೆ ಮಾಡಿದರೆ ಮಾತ್ರ ಗೌರವದ ಬಿಡುಗಡೆ ಚೀಟಿ. ಅದಿಲ್ಲದೆ ಹೊರಟವರ ಹೆಸರು ಕಂಪನಿಯಿಂದ ಕಂಪನಿಗೆ ಹೋಗುತ್ತಿತ್ತು. ಊರಲ್ಲಿ ಬೇರೆ ಗಿರಣಿಯವರೂ ತೆಗೆದುಕೊಳ್ಳುತ್ತಿರಲಿಲ್ಲ. ಹತ್ತು ಕಂಪನಿ ಇದ್ದರೂ ಕೆಲಸಗಾರಳ ಲೆಕ್ಕಕ್ಕೆ ಒಂದೇ ಮಾಲೀಕ ಇದ್ದ ಹಾಗೆ.

ಈಗ 1834. ಫೆಬ್ರವರಿಯಲ್ಲಿ ಕೂಲಿ ಸುಮಾರು ಶೇ. 15 ಇಳಿಸುತ್ತೇವೆ ಅಂತ ನೋಟಿಸ್ ಬಂತು. ಹುಡುಗಿಯರು ಗಿರಣಿಯೊಳಗೇ ಸಭೆ ಸೇರಿದರು. ಮುಂದಾಳಾಗಿದ್ದವಳೊಬ್ಬಳನ್ನು ಏಜೆಂಟ್, ಅಂದರೆ ಗಿರಣಿ ನಡೆಸುವ ಕಂಪನಿಯ ಅಧಿಕಾರಿ, ಕೆಲಸದಿಂದ ತೆಗೆದ. ಅವಳು ಹೊರಗೆ ಹೋಗುತ್ತಾ ತನ್ನ ಟೋಪಿ ತೆಗೆದು ಮೇಲಕ್ಕೆ ಬೀಸಿದಳು. ಕಿಟಕಿಯಿಂದ ನೋಡುತ್ತಿದ್ದವರು ಮಗ್ಗ ಬಿಟ್ಟು ಅವಳ ಹಿಂದೆ ಹೊರಟರು. ಸುಮಾರು 800 ಜನ. ಬ್ಯಾಂಕಿನಲ್ಲಿ ಇಟ್ಟಿದ್ದ ಉಳಿತಾಯವನ್ನೂ ಕೆಲವರು ತೆಗೆಯತೊಡಗಿದರು. ಆದರೆ ವಾರದೊಳಗೆ ಎಲ್ಲ ಮುಗಿಯಿತು, ಕೂಲಿ ಇಳಿದೇ ಇಳಿಯಿತು.

ಎರಡನೆಯದು 1836ರ ಅಕ್ಟೋಬರ್. ಈ ಸಲ ಕೂಲಿಗೆ ಕೈ ಹಾಕಲಿಲ್ಲ, ಬೋರ್ಡಿಂಗ್ ಮನೆಯ ಖರ್ಚು ಏರಿಸಿದರು. ಕೈಗೆ ಬರೋ ದುಡ್ಡಿನಲ್ಲಿ ಎಂಟನೇ ಒಂದು ಪಾಲಿನಷ್ಟು ಕಡಿಮೆಯಾಯಿತು. 1,500ರಿಂದ 2,000 ಜನ ಹೊರಗೆ ಬಂದರು. ಈ ಸಲ ಸಂಘವೂ ಇತ್ತು. ಒಂದು ವಿಭಾಗ ನಿಲ್ಲಿಸಿದರೆ ಇಡೀ ಗಿರಣಿ ನಿಲ್ಲುತ್ತೆ ಅನ್ನೋ ಲೆಕ್ಕವೂ ಗೊತ್ತಾಗಿತ್ತು. ವಾರಗಟ್ಟಲೆ ನಡೆಯಿತು, ಕೆಲವು ಗಿರಣಿಗಳು ಕೆಲವರ ಮಟ್ಟಿಗೆ ಏರಿಕೆ ವಾಪಸ್ ತೆಗೆದುಕೊಂಡವು. ಹಾಗಾಗಿ ಪ್ರಶ್ನೆಪೆಟ್ಟಿಗೆ ಅವರೇ, ಎಲ್ಲವೂ ಸೋತವು ಅನ್ನೋದು ಪೂರ್ತಿ ಸರಿಯಲ್ಲ.

ಅದೇ ಮುಷ್ಕರದಲ್ಲಿ ಹ್ಯಾರಿಯೆಟ್ ಹ್ಯಾನ್ಸನ್ ಇದ್ದಳು. ಹನ್ನೊಂದು ವರ್ಷದ ಹುಡುಗಿ, ತುಂಬಿದ ನೂಲಿನ ಉರುಳೆ ತೆಗೆದು ಖಾಲಿ ಉರುಳೆ ಹಾಕುವ ಕೆಲಸ. ಅವಳ ಕೆಲಸದ ಕೋಣೆಯ ದೊಡ್ಡವರು "ಹೋಗೋಣವಾ ಬೇಡವಾ" ಅಂತ ಅನುಮಾನ ಮಾಡುತ್ತಾ ನಿಂತಾಗ, ನೀವು ಬಂದರೆ ಬನ್ನಿ ಬಿಟ್ಟರೆ ಬಿಡಿ ಅಂತ ಇವಳೇ ಹೊರಟಳು. ತಿರುಗಿ ನೋಡಿದರೆ ಸಾಲಾಗಿ ಎಲ್ಲರೂ ಹಿಂದೆ. ಅವಳ ಅಮ್ಮ ವಿಧವೆ, ಕಂಪನಿಯ ಬೋರ್ಡಿಂಗ್ ಮನೆ ನಡೆಸುತ್ತಿದ್ದಳು. ಏಜೆಂಟ್ ಆ ಕೆಲಸ ಕಿತ್ತುಕೊಂಡ. ದೊಡ್ಡ ಹುಡುಗಿಯರನ್ನು ತಡೆಯೋಕೆ ನಿನ್ನ ಕೈಲಿ ಆಗುತ್ತಿರಲಿಲ್ಲ, ಸ್ವಂತ ಮಗಳನ್ನಾದರೂ ತಡೆಯಬಹುದಿತ್ತಲ್ಲ ಅಂದನಂತೆ. ಆ ಹುಡುಗಿ ಮುಂದೆ ಹೆಂಗಸರ ಮತದ ಹಕ್ಕಿನ ಚಳವಳಿಗೆ ಸೇರಿದಳು.

ದಾವಣಗೆರೆ ಹುಡುಗಿ:
ಅಯ್ಯೋ, ಮಗಳು ಮುಷ್ಕರ ಮಾಡಿದ್ದಕ್ಕೆ ಅಮ್ಮನ ಕೆಲಸ ತೆಗೆದರಾ! ಮನೆ, ಚರ್ಚು, ಕೆಲಸ ಎಲ್ಲ ಒಬ್ಬರ ಕೈಯಲ್ಲೇ ಇದ್ದರೆ ಹೀಗೇ ಆಗೋದು.

ನಾಲ್ಕಾರು ಜನ ಒಂದೇ ಕೋಣೆ ಅಂದಿರಲ್ಲ, ಈಗ ಅರ್ಥವಾಯಿತು. ಶಿಸ್ತಿಗೆ ಅಂತ ಕಟ್ಟಿದ ಮನೆಯಲ್ಲೇ ಮುಷ್ಕರದ ಮಾತೂ ಆಗಿರುತ್ತೆ. ರೂಮಿನವರೆಲ್ಲ ಹೊರಟಾಗ ಒಬ್ಬಳೇ ಕೆಲಸಕ್ಕೆ ಹೋಗೋಕೆ ಯಾರಿಗೆ ಮುಖ ಬರುತ್ತೆ?

ಹಳೇಮಗ್ಗ:
ಅದೇ ನೋಡಿ. ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಹಳ್ಳಿಯಲ್ಲಿ ಅಪ್ಪನ ಹೊಲ ಇತ್ತು. ಕೆಲಸ ಹೋದರೆ ಬಂಡಿ ಹತ್ತಿ ಮನೆಗೆ ಹೋಗಬಹುದು, ಉಪವಾಸ ಬೀಳಲ್ಲ. ಅವರು 1834ರಲ್ಲಿ ಹೊರಡಿಸಿದ ಹೇಳಿಕೆಯಲ್ಲಿ ನಾವು ಸ್ವಾತಂತ್ರ್ಯಕ್ಕೆ ಹೋರಾಡಿದವರ ಹೆಣ್ಣುಮಕ್ಕಳು ಅಂತ ಹೇಳಿಕೊಂಡರು. ಆ ಧೈರ್ಯದ ಹಿಂದೆ ಹೊಲ ಇತ್ತು. ಆದರೆ ಹೊಲ ಇದ್ದದ್ದೇ ಮುಷ್ಕರ ಬೇಗ ಮುರಿಯೋಕೂ ಕಾರಣ. ಸಿಟ್ಟು ಬಂದವರು ಊರಿಗೆ ಹೋದರು, ಕಂಪನಿ ಹೊಸ ಹುಡುಗಿಯರನ್ನು ಕರೆತಂತು.

ಅರ್ಥಶಾಸ್ತ್ರದ ಮೇಷ್ಟ್ರು:
ಇದು ಒಳ್ಳೆ ಮಾತು. ಹೊರಗೆ ಹೋಗುವ ದಾರಿ ಇದ್ದವನಿಗೇ ಚೌಕಾಸಿಯ ಬಲ. ಇದನ್ನು ನಾನು ಪಾಠದಲ್ಲಿ ಬಳಸಿಕೊಳ್ಳುತ್ತೇನೆ, ಬೇಜಾರಿಲ್ಲ ಅಲ್ವಾ?

ಪ್ರಶ್ನೆಪೆಟ್ಟಿಗೆ:
ದಿನಕ್ಕೆ ಹತ್ತು ಗಂಟೆ ಮಾತ್ರ ದುಡಿತ ಅನ್ನೋ ಹತ್ತು ಗಂಟೆ ಚಳವಳಿ ಇದರ ಜೊತೆ ಹೇಗೆ ಸೇರುತ್ತೆ? ಗಂಡಸರಿಗೆ ಮೊದಲೇ ಸಿಕ್ಕಿತ್ತು ಅಂತ ಓದಿದ ನೆನಪು.

ಮೆರಿಮ್ಯಾಕ್ ದಂಡೆ:
ಕೆಲವು ಗಂಡಸರಿಗೆ, ಕೆಲವು ಊರುಗಳಲ್ಲಿ. ಫಿಲಡೆಲ್ಫಿಯಾದಲ್ಲಿ 1835ರಲ್ಲಿ ಹಡಗುಕಟ್ಟೆಯಲ್ಲಿ ಕಲ್ಲಿದ್ದಲು ಹೊರುವ ಐರಿಷ್ ಕೂಲಿಗಳು ಕೆಲಸ ನಿಲ್ಲಿಸಿದರು. ಬಡಗಿ, ಗಾರೆ ಕೆಲಸದವರು, ಚಮ್ಮಾರರು ಎಲ್ಲ ಸೇರಿಕೊಂಡರು. ಆರಕ್ಕೆ ಬಂದು ಆರಕ್ಕೆ ಹೋಗೋದು, ಊಟ ತಿಂಡಿಗೆ ನಡುವೆ ಎರಡು ಗಂಟೆ, ಇಷ್ಟೇ ಬೇಡಿಕೆ. ನಗರಸಭೆಯೇ ಮೊದಲು ಒಪ್ಪಿತು. 1840ರಲ್ಲಿ ಅಧ್ಯಕ್ಷ ವ್ಯಾನ್ ಬ್ಯೂರನ್ ಕೇಂದ್ರ ಸರ್ಕಾರದ ಕಾಮಗಾರಿಗಳಲ್ಲಿ ಹತ್ತು ಗಂಟೆ ಅಂತ ಆದೇಶ ಹೊರಡಿಸಿದ.

ನೆನಪಿಡಿ, ಅಲ್ಲಿಯವರೆಗೆ ಕೂಲಿ ಹೆಚ್ಚಿಸೋಕೆ ಒಟ್ಟಾಗೋದೇ ಪಿತೂರಿ ಅಂತ ಕೋರ್ಟುಗಳು ಶಿಕ್ಷೆ ಕೊಡುತ್ತಿದ್ದವು. ಫಿಲಡೆಲ್ಫಿಯಾದ ಚಮ್ಮಾರರಿಗೆ 1806ರಲ್ಲಿ ದಂಡ ಬಿದ್ದಿತ್ತು. 1842ರಲ್ಲಿ ಬಾಸ್ಟನ್ನಿನ ಬೂಟು ಹೊಲಿಯುವವರ ಕೇಸಿನಲ್ಲಿ ಮುಖ್ಯ ನ್ಯಾಯಾಧೀಶ ಲೆಮ್ಯುಯೆಲ್ ಶಾ, ಸಂಘ ಕಟ್ಟೋದು ತಾನಾಗೇ ಅಪರಾಧ ಆಗಲ್ಲ ಅಂತ ತೀರ್ಪು ಕೊಟ್ಟ.

ಗಿರಣಿಯವರಿಗೆ ಇದ್ಯಾವುದೂ ತಟ್ಟಲಿಲ್ಲ. 1837ರಲ್ಲಿ ಆರ್ಥಿಕ ಕುಸಿತ ಬಂದು ಕೆಲಸ ಉಳಿದರೆ ಸಾಕು ಅನ್ನೋ ಹಾಗಾಯಿತು. ಸುಧಾರಿಸಿಕೊಂಡ ಮೇಲೆ ಒಬ್ಬಳಿಗೆ ಎರಡು ಮಗ್ಗದ ಬದಲು ಮೂರು, ನಾಲ್ಕು ಕೊಟ್ಟರು, ವೇಗ ಹೆಚ್ಚಿಸಿದರು. ಒಂದು ತುಂಡಿಗೆ ಸಿಗೋ ದರ ಇಳಿಸಿದರು.

ಹಳೇಮಗ್ಗ:
ಮುಷ್ಕರದಿಂದ ಆಗಲ್ಲ ಅನ್ನಿಸಿದಾಗ ಹುಡುಗಿಯರು ಅರ್ಜಿ ಬರೆದರು. 1844ರ ಡಿಸೆಂಬರ್‌ನಲ್ಲಿ ಲೋವೆಲ್ ಮಹಿಳಾ ಕಾರ್ಮಿಕ ಸುಧಾರಣಾ ಸಂಘ ಕಟ್ಟಿದರು. ಅಧ್ಯಕ್ಷೆ ಸಾರಾ ಬ್ಯಾಗ್ಲಿ. ಹಗಲು ಗಿರಣಿಯಲ್ಲಿ ದುಡಿದು, ರಾತ್ರಿ ಜೊತೆಗಾರ್ತಿಯರಿಗೆ ಪಾಠ ಹೇಳುತ್ತಿದ್ದವಳು. ಲೋವೆಲ್ ಆಫರಿಂಗ್ ಅನ್ನೋ ಹುಡುಗಿಯರದೇ ಪತ್ರಿಕೆ ಇತ್ತಲ್ಲ, ಹೊರಗಿನವರು ಹಾಡಿ ಹೊಗಳುತ್ತಿದ್ದದ್ದು. ಗಿರಣಿಯ ಬಗ್ಗೆ ದೂರು ಬರೆದರೆ ಅದರಲ್ಲಿ ಹಾಕಲ್ಲ ಅಂತ ಇವಳು ಬಹಿರಂಗವಾಗಿ ಜಗಳಕ್ಕೆ ನಿಂತಳು. ಸಂಘದವರು ವಾಯ್ಸ್ ಆಫ್ ಇಂಡಸ್ಟ್ರಿ ಅನ್ನೋ ಕಾರ್ಮಿಕರ ಪತ್ರಿಕೆಯ ಕಡೆ ಹೋದರು.

ಹತ್ತು ಗಂಟೆಗೆ ಕಾನೂನು ಮಾಡಿ ಅನ್ನೋ ಅರ್ಜಿಗೆ ಸಾವಿರಾರು ಸಹಿ ಬಿದ್ದವು. 1845ರ ಫೆಬ್ರವರಿ 13ಕ್ಕೆ ಶಾಸನಸಭೆಯ ಸಮಿತಿ ವಿಚಾರಣೆ ಇಟ್ಟಿತು. ಹೆಮಿಂಗ್‌ವೇ ದೀಪದ ಲೆಕ್ಕ ಕೊಟ್ಟದ್ದು ಅಲ್ಲೇ. ಸಮಿತಿಯ ಅಧ್ಯಕ್ಷ ವಿಲಿಯಂ ಶೌಲರ್ ಲೋವೆಲ್‌ನ ಶಾಸಕ, ಅಲ್ಲಿನ ಪತ್ರಿಕೆಯೊಂದರ ಮಾಲೀಕ. ಸಮಿತಿ ಗಿರಣಿಗೂ ಹೋಗಿ ಬಂತು. ಹುಲ್ಲುಹಾಸು, ಸಾಲುಮರ, ಹೂವಿನ ಗಿಡ ನೋಡಿ ಖುಷಿಯಾಗಿ ವರದಿಯಲ್ಲಿ ಬರೆದುಕೊಂಡಿತು! ತಪಾಸಣೆಗೆ ಬಂದ ಸಾಹೇಬರು ಅಂಗಳ ನೋಡಿ ವಾಪಸ್ ಹೋಗೋದು ಎಲ್ಲ ಕಾಲದಲ್ಲೂ ಒಂದೇ.

ದುಡಿಯುವ ಹೊತ್ತು ಜನವರಿಯಲ್ಲಿ ದಿನಕ್ಕೆ 11 ಗಂಟೆ 24 ನಿಮಿಷ, ಏಪ್ರಿಲ್‌ನಲ್ಲಿ 13 ಗಂಟೆ 31 ನಿಮಿಷ ಅಂತ ಅದೇ ವರದಿ ಲೆಕ್ಕ ಕೊಡುತ್ತೆ. ಆದರೂ ಕಾನೂನು ಬೇಡ ಅಂದರು. ಒಂದೇ ರಾಜ್ಯ ಹೊತ್ತು ಕಡಿಮೆ ಮಾಡಿದರೆ ಪಕ್ಕದ ರಾಜ್ಯದ ಗಿರಣಿಗಳು ಮುಂದೆ ಹೋಗುತ್ತವೆ. ಮಾಲೀಕರು ಮತ್ತು ಕೆಲಸಗಾರರು ತಾವೇ ಮಾತಾಡಿಕೊಳ್ಳಲಿ. ತೊಂದರೆ ಇರೋದು ನಿಜ, ಆದರೆ ಪರಿಹಾರ ನಮ್ಮ ಕೈಯಲ್ಲಿಲ್ಲ. ಇದು ವರದಿಯ ಸಾರ.

ಸಂಘದವರಿಗೆ ಮತ ಇರಲಿಲ್ಲ. ಆದರೂ ಶೌಲರ್‌ನನ್ನು ಸೋಲಿಸಿ ಅಂತ ಊರೆಲ್ಲ ಪ್ರಚಾರ ಮಾಡಿದರು. ಮುಂದಿನ ಚುನಾವಣೆಯಲ್ಲಿ ಅವನು ಸೋತ. ಅವರು ಮತದಾರರಿಗೆ ಧನ್ಯವಾದ ಹೇಳಿ ನಿರ್ಣಯ ಪಾಸು ಮಾಡಿದರು 😄

ಅರ್ಥಶಾಸ್ತ್ರದ ಮೇಷ್ಟ್ರು:
ಪಕ್ಕದ ರಾಜ್ಯದ ಪೈಪೋಟಿ ಅನ್ನೋದು ಪೂರ್ತಿ ನೆಪ ಅಲ್ಲ. ಆದರೆ ಕಾನೂನು ಬಂದರೂ ಏನಾಗುತ್ತಿತ್ತು ಅಂತ ನೋಡೋಕೆ ಆ ಪಕ್ಕದ ರಾಜ್ಯವೇ ಉದಾಹರಣೆ. ನ್ಯೂ ಹ್ಯಾಂಪ್‌ಶೈರ್ 1847ರಲ್ಲಿ ದೇಶದ ಮೊದಲ ಹತ್ತು ಗಂಟೆ ಕಾನೂನು ತಂದಿತು. ಒಂದು ಕಿಂಡಿ ಬಿಟ್ಟಿತ್ತು. ಕೆಲಸಗಾರ ತಾನೇ ಒಪ್ಪಿ ಬರೆದುಕೊಟ್ಟರೆ ಜಾಸ್ತಿ ಹೊತ್ತು ದುಡಿಸಬಹುದು. ಕಾನೂನು ಜಾರಿಗೆ ಬರೋ ಮೊದಲೇ ಗಿರಣಿಗಳು ಒಪ್ಪಂದದ ಕಾಗದ ಅಚ್ಚು ಹಾಕಿಸಿ ಮುಂದಿಟ್ಟವು. ಸಹಿ ಹಾಕದವರು ಮನೆಗೆ. ಕಾಗದದ ಮೇಲೆ ಹತ್ತು ಗಂಟೆ, ಗಿರಣಿಯಲ್ಲಿ ಅದೇ ಹಳೇ ಹೊತ್ತು.

ದಾವಣಗೆರೆ ಹುಡುಗಿ:
ಒಂದು ವಿಷಯ ಯಾರೂ ಎತ್ತಲಿಲ್ಲ. ಆ ಹತ್ತಿ ಎಲ್ಲಿಂದ ಬರುತ್ತಿತ್ತು?

ಹಳೇಮಗ್ಗ:
ದಕ್ಷಿಣದ ರಾಜ್ಯಗಳಿಂದ. ಬಿಡಿಸಿದವರು ಗುಲಾಮರು. ಅಷ್ಟೇ ಅಲ್ಲ, ಲೋವೆಲ್‌ನಲ್ಲಿ ನೇಯ್ದ ಒರಟು ಬಟ್ಟೆಯ ಒಂದಿಷ್ಟು ಭಾಗ ಗುಲಾಮರಿಗೆ ಉಡಿಸೋಕೆ ಅಂತಲೇ ದಕ್ಷಿಣಕ್ಕೆ ವಾಪಸ್ ಹೋಗುತ್ತಿತ್ತು. ಚಾಬೂಕಿನ ದೊರೆಗಳಿಗೂ ಮಗ್ಗದ ದೊರೆಗಳಿಗೂ ಒಳ ಒಪ್ಪಂದ ಇದೆ ಅಂತ ಗುಲಾಮಗಿರಿಯ ವಿರೋಧಿ ರಾಜಕಾರಣಿ ಚಾರ್ಲ್ಸ್ ಸಮ್ನರ್ 1848ರಲ್ಲಿ ಬಹಿರಂಗ ಸಭೆಯಲ್ಲೇ ಹೇಳಿದ. ಗಿರಣಿಯ ಹುಡುಗಿಯರು, ಮಾಲೀಕರು ನಮ್ಮನ್ನು ಗುಲಾಮರ ಹಾಗೆ ಕಾಣುತ್ತಾರೆ ಅಂತ ಬರೆದುಕೊಂಡರು. ಬಿಳಿಯರ ದುಡಿತವನ್ನು ಗುಲಾಮಗಿರಿಗೆ ಹೋಲಿಸೋದು ನನಗೆ ಇಷ್ಟವಾಗಲ್ಲ. ಹೆಮಿಂಗ್‌ವೇ ಶಾಸಕರ ಮುಂದೆ ನಿಂತು ಸಾಕ್ಷಿ ಹೇಳಿದಳು. ಹತ್ತಿ ಬಿಡಿಸಿದವರ ಸಾಕ್ಷಿಯನ್ನು ದಕ್ಷಿಣದ ಯಾವ ಕೋರ್ಟೂ ಬಿಳಿಯರ ವಿರುದ್ಧ ತೆಗೆದುಕೊಳ್ಳುತ್ತಿರಲಿಲ್ಲ. ಹಾಗಂತ ಹುಡುಗಿಯರೆಲ್ಲ ಕಣ್ಣುಮುಚ್ಚಿಕೊಂಡಿದ್ದರು ಅಂತಲ್ಲ. ಗುಲಾಮಗಿರಿ ತೆಗೆಯಿರಿ ಅನ್ನೋ ಅರ್ಜಿಗಳಿಗೂ ಅವರಲ್ಲಿ ನೂರಾರು ಜನ ಸಹಿ ಹಾಕಿದರು.

ಅರ್ಥಶಾಸ್ತ್ರದ ಮೇಷ್ಟ್ರು:
ಇದರಲ್ಲಿ ನಮ್ಮ ದೇಶಕ್ಕೂ ಒಂದು ಎಳೆ ಇದೆ. 1816ಕ್ಕಿಂತ ಮೊದಲು ಅಮೆರಿಕದವರು ಉಡುತ್ತಿದ್ದ ಅಗ್ಗದ ಹತ್ತಿ ಬಟ್ಟೆಯಲ್ಲಿ ಬಹಳಷ್ಟು ಹೋಗುತ್ತಿದ್ದದ್ದು ಭಾರತದಿಂದ. ಅಮೆರಿಕದ ಬಾಸ್ಟನ್, ಸೇಲಂ ಬಂದರುಗಳ ಹಡಗುಗಳು ಕಲ್ಕತ್ತೆಯಿಂದ ಮೂಟೆಗಟ್ಟಲೆ ತುಂಬಿಕೊಂಡು ಹೋಗುತ್ತಿದ್ದವು. ಫ್ರಾನ್ಸಿಸ್ ಲೋವೆಲ್ ವಾಷಿಂಗ್ಟನ್ನಿಗೆ ಹೋಗಿ 1816ರ ಸುಂಕದ ಕಾನೂನಿಗೆ ಒಂದು ಷರತ್ತು ಸೇರಿಸೋಕೆ ಓಡಾಡಿದ. ಹತ್ತಿ ಬಟ್ಟೆ ಎಷ್ಟೇ ಅಗ್ಗವಿರಲಿ, ಗಜಕ್ಕೆ 25 ಸೆಂಟ್ ಅಂತಲೇ ಲೆಕ್ಕ ಹಿಡಿದು, ಅದರ ಮೇಲೆ ಶೇ. 25 ಸುಂಕ. ಅಂದರೆ ಗಜಕ್ಕೆ ಕನಿಷ್ಠ 6.25 ಸೆಂಟ್. ಒಂಬತ್ತು ಸೆಂಟಿನ ಬಟ್ಟೆ ಅಂದುಕೊಳ್ಳಿ, ಸುಂಕವೇ ಶೇ. 70ರ ಹತ್ತಿರ ಹೋಯಿತು. ದುಬಾರಿ ಇಂಗ್ಲಿಷ್ ಬಟ್ಟೆಗೆ ಅಷ್ಟು ಪೆಟ್ಟು ಬೀಳಲಿಲ್ಲ, ನಮ್ಮ ನೇಕಾರರ ಬಟ್ಟೆ ಹೊರಗೆ ಬಿತ್ತು. ಹತ್ತಿ ಬೆಳೆಯುವ ದಕ್ಷಿಣ ಕೆರೊಲೈನಾದ ರಾಜಕಾರಣಿ ಕ್ಯಾಲ್ಹೂನ್ ಆ ಕಾನೂನಿನ ಪರ ನಿಂತ. ದೇಶದ ಗಿರಣಿಗೆ ದೇಶದ ಹತ್ತಿ ಹೋಗುತ್ತೆ ಅನ್ನೋ ಲೆಕ್ಕ ಅವನಿಗೂ ಇತ್ತು.

ಕೆಲಸಗಾರರ ಹೊತ್ತು ಸರ್ಕಾರದ ಕೆಲಸವಲ್ಲ ಅಂದವರು, ಬಟ್ಟೆಗೆ ಸರ್ಕಾರದ ಬೇಲಿ ಕೇಳುವಾಗ ನಾಚಿಕೊಳ್ಳಲಿಲ್ಲ. ನಾನು ಮಾರುಕಟ್ಟೆಯ ಪರ ಮಾತಾಡೋನು, ಆದರೂ ಇದನ್ನು ಒಪ್ಪೋಕೆ ಆಗಲ್ಲ.

ಪ್ರಶ್ನೆಪೆಟ್ಟಿಗೆ:
ಇದು ನನಗೆ ಗೊತ್ತೇ ಇರಲಿಲ್ಲ ಮೇಷ್ಟ್ರೇ. ಕೊನೆಗೆ ಹತ್ತು ಗಂಟೆ ಸಿಕ್ಕಿತಾ, ಇಲ್ಲವಾ?

ಮೆರಿಮ್ಯಾಕ್ ದಂಡೆ:
ಸಿಕ್ಕಿತು, ಆದರೆ ಆ ಹುಡುಗಿಯರಿಗಲ್ಲ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ಹಾಳಾಗಿ ಬರಗಾಲ ಬಂತು. ಹೊಟ್ಟೆಗಿಲ್ಲದೆ ಬಂದವರು ಲೋವೆಲ್ ತುಂಬಿದರು. 1860ರ ಹೊತ್ತಿಗೆ ಗಿರಣಿಯಲ್ಲಿ ಸುಮಾರು ಅರ್ಧದಷ್ಟು ಐರಿಷರೇ. ಹಳ್ಳಿಯ ಹುಡುಗಿಯರು ನಿಧಾನವಾಗಿ ಬೇರೆ ಕೆಲಸಕ್ಕೆ, ಶಾಲೆಗೆ, ಪಶ್ಚಿಮಕ್ಕೆ ಹೋದರು. ಹೊಸದಾಗಿ ಬಂದವರಿಗೆ ವಾಪಸ್ ಹೋಗೋಕೆ ಹೊಲ ಇರಲಿಲ್ಲ. ಹಳೇಮಗ್ಗ ಅವರು ಹೇಳಿದ ಲೆಕ್ಕ ಇಲ್ಲಿ ತಿರುಗುಮುರುಗಾಯಿತು. ಬೋರ್ಡಿಂಗ್ ಮನೆ, ಉಪನ್ಯಾಸ ಎಲ್ಲದರ ಮೇಲೂ ಕಂಪನಿಗೆ ಆಸಕ್ತಿ ಹೋಯಿತು. ಅಪ್ಪ ಅಮ್ಮನನ್ನು ಒಪ್ಪಿಸೋ ಅಗತ್ಯವೇ ಇರಲಿಲ್ಲವಲ್ಲ.

ಸಾರಾ ಬ್ಯಾಗ್ಲಿ 1846ರಲ್ಲಿ ಲೋವೆಲ್‌ನ ಟೆಲಿಗ್ರಾಫ್ ಆಫೀಸಿಗೆ ಸೇರಿದಳು. ಆ ಕೆಲಸ ಮಾಡಿದ ಮೊದಲ ಹೆಂಗಸರಲ್ಲಿ ಅವಳೂ ಒಬ್ಬಳು.

ಹಳೇಮಗ್ಗ:
ಹೊತ್ತು ಮಾತ್ರ ಚೂರು ಚೂರಾಗಿ ಇಳಿಯಿತು. 1847ರಲ್ಲಿ ಊಟದ ಬಿಡುವಿಗೆ ಹದಿನೈದು ನಿಮಿಷ ಸೇರಿಸಿದರು. 1853ರಲ್ಲಿ ಲೋವೆಲ್ ಕಂಪನಿಗಳು ದಿನಕ್ಕೆ 11 ಗಂಟೆ ಮಾಡಿದವು. ಕಾನೂನು ಬರದೇ ಇರಲಿ ಅಂತಲೇ ಕೊಟ್ಟದ್ದು ಅಂತ ನನ್ನ ಅನಿಸಿಕೆ. ಅರ್ಜಿ, ಸಭೆ, ಚುನಾವಣೆಯ ಗಲಾಟೆ ನಿಂತೇ ಇರಲಿಲ್ಲ. ಸೋತ ಹೋರಾಟದ ಬಗ್ಗೆ ಯಾಕೆ ಬರೀತಾರೆ ಅಂದಿರಲ್ಲ, ಆ ಹದಿನೈದು ನಿಮಿಷವನ್ನೂ ಆ ಒಂದು ಗಂಟೆಯನ್ನೂ ಯಾರ ಖಾತೆಗೆ ಬರೀತೀರಿ?

ಮ್ಯಾಸಚೂಸೆಟ್ಸ್ ಕಾನೂನು ಬಂದದ್ದು 1874ರಲ್ಲಿ. ಹೆಂಗಸರಿಗೆ, ಮಕ್ಕಳಿಗೆ ದಿನಕ್ಕೆ 10 ಗಂಟೆ, ವಾರಕ್ಕೆ 60. ಅಲ್ಲೂ ಒಂದು ಕಿಂಡಿ ಇತ್ತು. ಬೇಕಂತಲೇ ಮೀರಿದರೆ ಮಾತ್ರ ದಂಡ ಅಂತ ಬರೆದಿದ್ದರು. ಬೇಕಂತಲೇ ಮಾಡಿದ್ದು ಅಂತ ಸಾಬೀತು ಮಾಡೋದು ಹೇಗೆ? ಕೆಲವು ವರ್ಷ ಆದ ಮೇಲೆ ಆ ಮಾತನ್ನು ಕಿತ್ತುಹಾಕಿದರು. ಅಷ್ಟರಲ್ಲಿ ಒಂದು ಗಿರಣಿ, ನಮ್ಮ ಕಂಪನಿಗೂ ಕೆಲಸಗಾರಳಿಗೂ ಇರೋ ಒಪ್ಪಂದಕ್ಕೆ ಇದು ಅಡ್ಡ ಬರುತ್ತೆ ಅಂತ ಕೋರ್ಟಿಗೆ ಹೋಗಿತ್ತು. 1876ರಲ್ಲಿ ರಾಜ್ಯದ ದೊಡ್ಡ ಕೋರ್ಟು ಕಾನೂನನ್ನೇ ಎತ್ತಿಹಿಡಿಯಿತು.

ದಾವಣಗೆರೆ ಹುಡುಗಿ:
ಕೋರ್ಟಿಗೆ ಹೋದ ಗಿರಣಿ ಯಾವುದು?

ಹಳೇಮಗ್ಗ:
ಲೋವೆಲ್‌ನ ಹ್ಯಾಮಿಲ್ಟನ್ ಕಂಪನಿ. ಸಾರಾ ಬ್ಯಾಗ್ಲಿ 1837ರಲ್ಲಿ ಕೆಲಸಕ್ಕೆ ಸೇರಿದ್ದು ಅಲ್ಲಿಗೇ.